ಬೇರ್ ಕೊಡಿಯಾಕ್ ಮ್ಯಾಗ್ನಮ್: 60ರ ದಶಕದ ಈ ಗಿಡ್ಡ ಬಿಲ್ಲನ್ನು ಇವತ್ತು ಕೊಳ್ಳಬಹುದಾ?

ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಬೇರ್ ಕಂಪನಿಯ ಈ ಬೇಟೆ ಬಿಲ್ಲು ಚೆನ್ನಾಗಿದೆ, ಆದರೆ ಎಲ್ಲರಿಗೂ ಅಲ್ಲ. ನಿಮ್ಮ ತೋಳು ಉದ್ದ ಇದ್ದು ಹೆದೆಯನ್ನು 28 ಇಂಚಿಗಿಂತ ಹಿಂದಕ್ಕೆ ಎಳೆಯುವವರಾದರೆ ಇದನ್ನು ಬಿಟ್ಟು ಅದೇ ಕಂಪನಿಯ ಗ್ರಿಜ್ಲಿಯನ್ನೋ ಸೂಪರ್ ಕೊಡಿಯಾಕನ್ನೋ ಹುಡುಕಿ. ಎಳೆತ 27 ಇಂಚಿನ ಒಳಗಿದ್ದು, ಮರದ ಮೇಲಿನ ಅಟ್ಟಣೆಯಲ್ಲಿ ಕೂತೋ ಪೊದೆಗಳ ನಡುವೆ ನುಸುಳಿಯೋ ಬೇಟೆಯಾಡುವವರಾದರೆ ಇಷ್ಟು ದುಡ್ಡಿಗೆ ಇಂಥ ಬಿಲ್ಲು ಸಿಗುವುದು ಕಷ್ಟ. ಗೋಡೆಗೆ ತೂಗುಹಾಕೋಕೆ ಮಾತ್ರ ಬೇಕು ಅನ್ನುವವರ ಲೆಕ್ಕವೇ ಬೇರೆ, ಅವರಿಗೆ ಕೊನೆಯಲ್ಲಿ ಒಂದೆರಡು ಮಾತು ಇದೆ.

ರಿಕರ್ವ್ ಅಂದರೆ ತುದಿಗಳು ಮುಂದಕ್ಕೆ, ಅಂದರೆ ಗುರಿಯ ಕಡೆಗೆ ಬಾಗಿರುವ ಬಿಲ್ಲು. ನಡುವಿನ ಗಟ್ಟಿ ಮರಕ್ಕೆ ರೈಸರ್ ಎನ್ನುತ್ತಾರೆ, ಅದರ ಮೇಲೂ ಕೆಳಗೂ ಇರುವ ಬಾಗುವ ಭಾಗಗಳಿಗೆ ಲಿಂಬ್. ಈ ಕಾಲದ ಬೇಟೆ ಬಿಲ್ಲುಗಳಲ್ಲಿ ಲಿಂಬ್‌ನ ಒಳಗೆ ಮೇಪಲ್ ಮರದ ತೆಳು ಪಟ್ಟಿ ಇರುತ್ತದೆ, ಎರಡೂ ಮುಖಕ್ಕೆ ಫೈಬರ್‌ಗ್ಲಾಸ್ ಅಂಟಿಸಿರುತ್ತಾರೆ. ಕೊಡಿಯಾಕ್ ಮ್ಯಾಗ್ನಮ್‌ನ ಉದ್ದ ಬರೀ 52 ಇಂಚು. ಆಗಿನ ಲೆಕ್ಕದಲ್ಲಿ ಇದು ಗಿಡ್ಡ. ಅದೇ ಮನೆಯ ಸೂಪರ್ ಕೊಡಿಯಾಕ್ 60 ಇಂಚು, ಗ್ರಿಜ್ಲಿ 58. ಇದಕ್ಕಿಂತಲೂ ಗಿಡ್ಡದು ಬೇಕು ಅನ್ನುವವರಿಗೆ 48 ಇಂಚಿನ ಸೂಪರ್ ಮ್ಯಾಗ್ನಮ್ ಅಂತ ಒಂದನ್ನು ಮಾಡಿದ್ದರು. ಅದನ್ನು ಎಳೆಯುವುದು ಬೆರಳಿಗೆ ಶಿಕ್ಷೆ, ನಾನಂತೂ ಯಾರಿಗೂ ಕೊಳ್ಳಿ ಅನ್ನುವುದಿಲ್ಲ.

ಕಂಪನಿಯ ಕಥೆ ಗೊತ್ತಿದ್ದರೆ ಬಿಲ್ಲಿನ ವಯಸ್ಸು ಕಂಡುಹಿಡಿಯೋಕೆ ಅರ್ಧ ದಾರಿ ಸಾಗಿದಂತೆ. ಫ್ರೆಡ್ ಬೇರ್ ಎಂಬಾತ 1933ರಲ್ಲಿ ಡೆಟ್ರಾಯಿಟ್‌ನಲ್ಲಿ ಈ ಕೆಲಸ ಶುರು ಮಾಡಿದ. 1947ರಲ್ಲಿ ಕಾರ್ಖಾನೆ ಮಿಷಿಗನ್ ರಾಜ್ಯದ ಉತ್ತರಕ್ಕಿರುವ ಗ್ರೇಲಿಂಗ್ ಎಂಬ ಊರಿಗೆ ಹೋಯಿತು. 1968ರಲ್ಲಿ ಕಂಪನಿಯನ್ನು ವಿಕ್ಟರ್ ಕಾಂಪ್ಟೋಮೀಟರ್ ಎಂಬ ಇನ್ನೊಂದು ಕಂಪನಿಗೆ ಮಾರಿದ. 1978ರಲ್ಲಿ, ಕಾರ್ಮಿಕರ ಮುಷ್ಕರದ ನಂತರ, ಕಾರ್ಖಾನೆಯೇ ಫ್ಲಾರಿಡಾದ ಗೇನ್ಸ್‌ವಿಲ್‌ಗೆ ಸ್ಥಳಾಂತರವಾಯಿತು. ಹಾಗಾಗಿ ಬಿಲ್ಲಿನ ಮೇಲೆ ಗ್ರೇಲಿಂಗ್ ಅಂತ ಇದ್ದರೆ 1947ರಿಂದ 78ರೊಳಗಿನದು, ಗೇನ್ಸ್‌ವಿಲ್ ಅಂತ ಇದ್ದರೆ ಆಮೇಲಿನದು. ಸಂಗ್ರಹಕಾರರು ಗ್ರೇಲಿಂಗ್ ಅನ್ನುವ ಹೆಸರಿಗೇ ಜಾಸ್ತಿ ದುಡ್ಡು ಕೊಡುತ್ತಾರೆ. ಬಾಣಕ್ಕೆ ಅದೆಲ್ಲ ಗೊತ್ತಾಗಲ್ಲ, ಆದರೂ ಬೆಲೆ ಹಾಗಿದೆ.

ಈಗ ಎಲ್ಲರೂ ಎಡವುವ ಒಂದು ಜಾಗ. ಆ ಕಾಲದ ಬೇರ್ ಬಿಲ್ಲುಗಳ ಲಿಂಬ್ ಮೇಲೆ ಪೇಟೆಂಟ್ ಸಂಖ್ಯೆಯ ಜೊತೆಗೆ 'ಕೆನಡಾ 1953' ಅಂತ ಸಣ್ಣಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಅದು ಪೇಟೆಂಟ್ ಸಿಕ್ಕ ವರ್ಷ. ಬಿಲ್ಲು ತಯಾರಾದ ವರ್ಷ ಅಲ್ಲವೇ ಅಲ್ಲ. ಅಟ್ಟದಲ್ಲಿ ತಾತನ ಬಿಲ್ಲು ಸಿಕ್ಕವರೆಲ್ಲ ಅದನ್ನು ಓದಿ '1953ರ ಅಪರೂಪದ ಬಿಲ್ಲು' ಅಂತ ಈಬೇಯಲ್ಲಿ ಹಾಕಿಬಿಡುತ್ತಾರೆ. ಪಾಪ, ಅವರು ಮೋಸ ಮಾಡುತ್ತಿರುವುದಲ್ಲ, ಕಂಡದ್ದನ್ನು ನಂಬಿದ್ದಾರೆ ಅಷ್ಟೇ. ಆದರೆ ಆ ಬೆಲೆ ನೀವು ಕೊಡಬೇಕಾಗಿಲ್ಲ. ಕೊಡಿಯಾಕ್ ಮ್ಯಾಗ್ನಮ್ ಮಾದರಿಯೇ 60ರ ದಶಕದಲ್ಲಿ ಬಂದದ್ದು. 1953ರ ಕೊಡಿಯಾಕ್ ಮ್ಯಾಗ್ನಮ್ ಅಂತ ಯಾರಾದರೂ ಮಾರುತ್ತಿದ್ದರೆ ಅವರಿಗೆ ಬಿಲ್ಲಿನ ಬಗ್ಗೆ ಏನೂ ಗೊತ್ತಿಲ್ಲ ಅಂತ ಅರ್ಥ. ಒಮ್ಮೊಮ್ಮೆ ಅದು ನಮಗೆ ಲಾಭವೇ, ಯಾಕಂದರೆ ಏನೂ ಗೊತ್ತಿಲ್ಲದವರು ಬೆಲೆ ಕಡಿಮೆಯೂ ಹೇಳುತ್ತಾರೆ.

ಹಾಗಾದರೆ ನಿಜವಾದ ವರ್ಷ ಹೇಗೆ ತಿಳಿಯುವುದು? ನನ್ನ ಬಿಲ್ಲಿನ ಕ್ರಮಸಂಖ್ಯೆ 6ರಿಂದ ಶುರುವಾಗುತ್ತದೆ. 1965ರಿಂದ 1969ರವರೆಗೆ ಬೇರ್ ಕಂಪನಿ ಕ್ರಮಸಂಖ್ಯೆಯ ಮೊದಲ ಅಂಕಿಯಲ್ಲಿ ವರ್ಷದ ಕೊನೆಯ ಅಂಕಿಯನ್ನೇ ಹಾಕುತ್ತಿತ್ತು. 5 ಇದ್ದರೆ 1965, 6 ಇದ್ದರೆ 1966, ಹೀಗೆ. ಈ ಐದು ವರ್ಷ ಬಿಟ್ಟರೆ ಸಂಖ್ಯೆ ನೋಡಿ ವರ್ಷ ಹೇಳೋಕೆ ಆಗಲ್ಲ. ಬೇರೆ ಕಾಲದ ಬಿಲ್ಲಾದರೆ ಮರ, ಗ್ಲಾಸಿನ ಬಣ್ಣ, ಅಕ್ಷರಗಳ ಶೈಲಿ, ನಾಣ್ಯ ಎಲ್ಲವನ್ನೂ ಹಳೆಯ ಕ್ಯಾಟಲಾಗ್ ಜೊತೆ ಹೋಲಿಸಿ ನೋಡಬೇಕು. ಈ ಹವ್ಯಾಸದಲ್ಲಿ ನನಗೆ ಅತಿ ಇಷ್ಟವಾದ ಕೆಲಸ ಅದೇ. ಆಯಾ ವರ್ಷದ ಕ್ಯಾಟಲಾಗ್ ಸಿಕ್ಕರೆ ಬಿಲ್ಲಿನಷ್ಟೇ ಖುಷಿಯಾಗುತ್ತದೆ.

ನಾಣ್ಯ ಅಂದೆನಲ್ಲ, ಅದು ರೈಸರ್‌ನಲ್ಲಿ ಕೂರಿಸಿರುವ ಕರಡಿಯ ಚಿತ್ರದ ಪುಟ್ಟ ಬಿಲ್ಲೆ. 1959ರಿಂದ ಬೇರ್ ಬಿಲ್ಲುಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. 60ರ ದಶಕದ ಲೋಹದ ನಾಣ್ಯಗಳು ಮರಕ್ಕೆ ಸಮನಾಗಿ ಕೂತಿರುತ್ತವೆ, ಬೆರಳಾಡಿಸಿದರೆ ಅಂಚು ತಾಗುವುದಿಲ್ಲ. 70ರ ದಶಕದಲ್ಲಿ ಬಂದವು ಮರದಿಂದ ಸ್ವಲ್ಪ ಉಬ್ಬಿರುತ್ತವೆ, ಮುಂದೆ ಪ್ಲಾಸ್ಟಿಕ್‌ದೂ ಬಂದವು. ಫೋಟೋದಲ್ಲಿ ಈ ಒಂದನ್ನು ಗಮನಿಸಿದರೆ ಸಾಕು, ದಶಕ ಯಾವುದು ಅಂತ ಸುಮಾರಾಗಿ ಹೇಳಬಹುದು. ನಾಣ್ಯವೇ ಇಲ್ಲದೆ ಹಿಡಿಗೆ ಚರ್ಮ ಸುತ್ತಿದ್ದರೆ 50ರ ದಶಕದ ಕೊಡಿಯಾಕ್ ಇರಬಹುದು, ಆಗ ಉಸಿರು ಬಿಗಿಹಿಡಿದು ಇನ್ನೊಂದು ಸಲ ನೋಡಿ.

ಲಿಂಬ್ ಮೇಲೆ ಕೈಬರಹದಲ್ಲಿ ಇರುವ ಅಂಕಿಗಳನ್ನೂ ಓದಲು ಬರಬೇಕು. ನನ್ನದರಲ್ಲಿ 45, ಅದರ ಮುಂದೆ ಎಕ್ಸ್ ಅಕ್ಷರ, ಆಮೇಲೆ ಪೌಂಡ್ ಗುರುತು. ಅಂದರೆ 28 ಇಂಚು ಎಳೆದಾಗ ಬೆರಳಿಗೆ 45 ಪೌಂಡಿಗಿಂತ ಸ್ವಲ್ಪ ಜಾಸ್ತಿ ಭಾರ ಬರುತ್ತದೆ ಅಂತ, ಬಿಲ್ಲಿನ ತೂಕ ಅನ್ನುವುದು ಇದಕ್ಕೇ. ಎಎಂಒ 52 ಅಂತ ಇದ್ದರೆ ಅದು ಬಿಲ್ಲು ತಯಾರಕರ ಸಂಘದ ಅಳತೆಯ ಪ್ರಕಾರ 52 ಇಂಚು. ಹೆದೆ ಕೊಳ್ಳುವಾಗ ಈ ಅಳತೆ ಹೇಳಿದರೆ ಸಾಕು. ನಿಜವಾದ ಹೆದೆ ಅದಕ್ಕಿಂತ ಸುಮಾರು 4 ಇಂಚು ಗಿಡ್ಡ ಇರುತ್ತದೆ. ಇನ್ನು, 28 ಇಂಚಿನ ತೂಕ ಅಂದೆನಲ್ಲ, ಎಳೆತ ಒಂದು ಇಂಚು ಕಡಿಮೆಯಾದರೆ ಎರಡು ಮೂರು ಪೌಂಡು ಇಳಿಯುತ್ತದೆ. ನಾನು ಎಳೆಯುವುದು 26ರಿಂದ 27ರ ನಡುವೆ, ಹಾಗಾಗಿ ನನ್ನ ಬೆರಳಿಗೆ ಬರುವುದು 40ರ ಆಸುಪಾಸು. ಅಮೆರಿಕದಲ್ಲಿ ಜಿಂಕೆ ಬೇಟೆಗೆ ಬಿಲ್ಲಿನ ತೂಕ ಕನಿಷ್ಠ ಎಷ್ಟಿರಬೇಕು ಅನ್ನುವುದಕ್ಕೆ ರಾಜ್ಯಕ್ಕೊಂದು ನಿಯಮ. ಬಿಲ್ಲಿನ ಮೇಲೆ ಬರೆದ ಅಂಕಿ ನಂಬಿ ಹೋಗಬೇಡಿ, ತಕ್ಕಡಿಯಲ್ಲಿ ನಿಮ್ಮ ಎಳೆತಕ್ಕೇ ತೂಗಿ ನೋಡಿ.

ಬಿಲ್ಲಿನ ಸ್ಥಿತಿಗೆ ಬರೋಣ. ಈ ವಿಮರ್ಶೆಯಲ್ಲಿ ಒಂದೇ ಭಾಗ ಓದುತ್ತೇನೆ ಅಂದರೆ ಇದನ್ನೇ ಓದಿ. ವರ್ಷ, ನಾಣ್ಯ, ಮರ ಎಲ್ಲ ಆಮೇಲೆ. ಮೊದಲು ಲಿಂಬ್ ನೆಟ್ಟಗಿದೆಯಾ? ಹೆದೆ ಏರಿಸಿ, ಒಂದು ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ಉದ್ದಕ್ಕೂ ನೋಡಬೇಕು. ಹೆದೆ ಲಿಂಬ್‌ನ ನಡುವೆಯೇ ಕೂತಿರಬೇಕು, ತುದಿಯ ಕಚ್ಚಿನಲ್ಲಿ ಒಂದು ಪಕ್ಕಕ್ಕೆ ಜಾರಿದ್ದರೆ ಲಿಂಬ್ ತಿರುಚಿಕೊಂಡಿದೆ. ವರ್ಷಗಟ್ಟಲೆ ಮೂಲೆಯಲ್ಲಿ ಒಂದೇ ತುದಿಯ ಮೇಲೆ ನಿಲ್ಲಿಸಿದರೆ ಹೀಗಾಗುತ್ತದೆ. ಕಾಲು ತೂರಿಸಿ, ತೊಡೆಗೆ ಆನಿಸಿ ಬಿಲ್ಲು ಬಗ್ಗಿಸಿ ಹೆದೆ ಏರಿಸುವ ಹಳೆಯ ರೂಢಿ ಇದೆಯಲ್ಲ, ಅದರಿಂದಲೂ ಆಗುತ್ತದೆ. ಸಿನಿಮಾದಲ್ಲಿ ನೋಡೋಕೆ ಚೆಂದ, ಬಿಲ್ಲಿಗೆ ಕೇಡು. ಹಗ್ಗದ ಸ್ಟ್ರಿಂಗರ್ ಕೆಲವೇ ಡಾಲರ್‌ಗೆ ಸಿಗುತ್ತದೆ, ಅದನ್ನೇ ಬಳಸಿ. ಸಣ್ಣ ತಿರುಚು ಇದ್ದರೆ ಲಿಂಬನ್ನು ಬಿಸಿನೀರಲ್ಲಿ ಬೆಚ್ಚಗೆ ಮಾಡಿ ಎದುರು ದಿಕ್ಕಿಗೆ ತಿರುಚಿ ಹಿಡಿದು ಸರಿಮಾಡುವವರಿದ್ದಾರೆ. ಆದರೆ ಅದನ್ನು ಬೆಲೆಯಲ್ಲಿ ಕಳೆಯಲೇಬೇಕು.

ಎರಡನೆಯದು ಅಂಟು ಬಿಟ್ಟಿರುವುದು. ಲಿಂಬ್‌ನ ಅಂಚಿನ ಉದ್ದಕ್ಕೂ ಗ್ಲಾಸ್ ಮತ್ತು ಮರ ಸೇರುವ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿ. ಬಿರುಕು ಬಾಯ್ಬಿಟ್ಟಿದ್ದರೆ ಆ ಬಿಲ್ಲನ್ನು ಎಳೆಯಬೇಡಿ, ಎಷ್ಟೇ ಅಗ್ಗವಾಗಿ ಸಿಕ್ಕರೂ. ಹತ್ತಿಯ ಉಂಡೆಯನ್ನು ಅಂಚಿನ ಮೇಲೆ ಆಡಿಸಿದರೆ ಕಣ್ಣಿಗೆ ಕಾಣದ ಸೀಳು ಹತ್ತಿಯ ಎಳೆಯನ್ನು ಹಿಡಿದುಕೊಳ್ಳುತ್ತದೆ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟ ಬಿಲ್ಲುಗಳಿಗೆ ಈ ರೋಗ ಜಾಸ್ತಿ. ಮೂರನೆಯದು ಗೆರೆಗಳು, ಇಲ್ಲಿ ಸುಮ್ನೆ ಹೆದರುವವರೇ ಹೆಚ್ಚು. 60ರ ದಶಕದ ಬೇರ್ ಬಿಲ್ಲುಗಳಲ್ಲಿ ಕೂದಲೆಳೆಯಂಥ ಉದ್ದುದ್ದ ಗೆರೆಗಳು ಸಾಮಾನ್ಯ. ಹೊಳಪು ಮಾಸಿ ಬಿರುಕಾದದ್ದು, ಇಲ್ಲವೇ ಗ್ಲಾಸಿನ ಮೇಲ್ಪದರದ್ದು. ಉದ್ದಕ್ಕೆ ಇದ್ದರೆ ಹೆಚ್ಚಿನ ಸಲ ತೊಂದರೆ ಇಲ್ಲ. ಲಿಂಬ್‌ಗೆ ಅಡ್ಡಲಾಗಿ ಇದ್ದು, ಉಗುರು ಆಡಿಸಿದಾಗ ಸಿಕ್ಕಿಕೊಂಡರೆ ಬಿಟ್ಟುಬಿಡಿ.

ತುದಿಗಳನ್ನೂ ನೋಡಿ, ಹೆದೆ ಕೂರುವ ಕಚ್ಚಿನಲ್ಲಿ ಸೀಳಿದೆಯಾ ಅಂತ. ರೈಸರ್‌ನಲ್ಲಿ ಗುರಿಕಣ್ಣು ಕೂರಿಸೋಕೆ ಯಾರೋ ಡ್ರಿಲ್ ಹೊಡೆದಿರುವುದು ತುಂಬ ಸಾಮಾನ್ಯ. ಬಾಣ ಬಿಡೋಕೆ ಅದು ಅಡ್ಡಿಯಲ್ಲ, ಸಂಗ್ರಹದ ಬೆಲೆ ಮಾತ್ರ ದಬಕ್ಕನೆ ಬೀಳುತ್ತದೆ. ನಾನು ಬೇಕಂತಲೇ ಇಂಥದ್ದನ್ನು ಹುಡುಕುತ್ತೇನೆ. ಎರಡು ಸಣ್ಣ ತೂತುಗಳಿಗಾಗಿ ಇಷ್ಟೊಂದು ರಿಯಾಯಿತಿ ಇನ್ನೆಲ್ಲಿ ಸಿಗುತ್ತದೆ ಹೇಳಿ.

ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಒಬ್ಬ ಮಾರಾಟಗಾರರ ಹತ್ತಿರ ಹೆದೆ ಏರಿಸಿದ ಫೋಟೋ, ತುದಿಯಿಂದ ಉದ್ದಕ್ಕೆ ತೆಗೆದ ಫೋಟೋ ಎರಡನ್ನೂ ಕೇಳಿದೆ. 'ಬಿಲ್ಲು ಸುಸ್ಥಿತಿಯಲ್ಲಿದೆ, ಗೋಡೆಯ ಮೇಲೆ ಚೆನ್ನಾಗಿ ಕಾಣುತ್ತದೆ' ಅನ್ನುವ ಉತ್ತರ ಬಂತು, ಫೋಟೋ ಬರಲಿಲ್ಲ. ನಾನು ಬಿಟ್ಟೆ. ಹೆದೆ ಇಲ್ಲದ ಫೋಟೋದಲ್ಲಿ ತಿರುಚು ಸುಲಭವಾಗಿ ಕಾಣಿಸುವುದಿಲ್ಲ, ಅದು ಮಾರುವವರಿಗೂ ಗೊತ್ತಿರುತ್ತದೆ. ಕೆಲವರು ಗೊತ್ತಿಲ್ಲದೆ ಹೆದೆಯನ್ನು ಹಿಂದುಮುಂದಾಗಿ, ಅಂದರೆ ಬಾಗಿನ ಎದುರು ಕಡೆಯಿಂದ ಕಟ್ಟಿ ಫೋಟೋ ಹಾಕುತ್ತಾರೆ. ಅಂಥ ಬಿಲ್ಲನ್ನು ಯಾರಾದರೂ ಹಾಗೇ ಎಳೆದೂ ನೋಡಿದ್ದಾರೋ ಏನೋ. ನನಗೆ ನೋಡಿದ ಕೂಡಲೇ ಮೈ ಜುಮ್ಮೆನ್ನುತ್ತದೆ.

ಹೆದೆಯ ವಿಷಯ ಚಿಕ್ಕದು, ಆದರೆ ಬಿಲ್ಲಿನ ಜೀವ ಅದರಲ್ಲೇ ಇದೆ. ಹಳೆಯ ಬಿಲ್ಲಿಗೆ ಡಾಕ್ರಾನ್ ಎಂಬ ಪಾಲಿಯೆಸ್ಟರ್ ನೂಲಿನ ಹೆದೆಯೇ ಹಾಕಬೇಕು. ಬಿ-50 ಅಥವಾ ಬಿ-55 ಅಂತ ಕೇಳಿ. ಈಗಿನ ಫಾಸ್ಟ್‌ಫ್ಲೈಟ್ ಥರದ ಹೆದೆಗಳು ಹಿಗ್ಗುವುದೇ ಇಲ್ಲ ಅನ್ನಬಹುದು. ಬಾಣ ಬಿಟ್ಟಾಗ ಹೊಡೆತವೆಲ್ಲ ನೇರ ಲಿಂಬ್‌ನ ತುದಿಗೆ ಬೀಳುತ್ತದೆ, ಆ ತುದಿಗಳನ್ನು ಅದಕ್ಕಾಗಿ ಬಲಪಡಿಸಿರಲಿಲ್ಲ. ಹೆದೆ ಕಚ್ಚನ್ನೇ ಸೀಳಿಬಿಡಬಹುದು. ಡಾಕ್ರಾನ್ ಸ್ವಲ್ಪ ಹಿಗ್ಗಿ ಆ ಹೊಡೆತವನ್ನು ನುಂಗುತ್ತದೆ. ವೇಗ ಸ್ವಲ್ಪ ಕಡಿಮೆ, ಪರವಾಗಿಲ್ಲ. ಹಾಗೇ ಬಾಣವೂ ಹಗುರ ಇರಬಾರದು. ಬಿಲ್ಲಿನ ತೂಕದ ಪ್ರತಿ ಪೌಂಡಿಗೆ 9ರಿಂದ 10 ಗ್ರೇನ್ (ಬಾಣ ತೂಗುವ ಪುಟ್ಟ ಅಳತೆ) ಲೆಕ್ಕ ಹಿಡಿದರೆ 45 ಪೌಂಡಿನ ಬಿಲ್ಲಿಗೆ 450 ಗ್ರೇನ್ ಹತ್ತಿರದ ಬಾಣ ಸರಿ. ಬಾಣ ಇಡದೆ ಬರೀ ಹೆದೆ ಎಳೆದು ಬಿಡುವುದಂತೂ ಬೇಡವೇ ಬೇಡ. ಬಿಲ್ಲು ನೋಡೋಕೆ ಬಂದ ನೆಂಟರ ಕೈಗೆ ಕೊಡುವ ಮೊದಲೇ ಇದನ್ನು ಹೇಳಿಬಿಡಿ.

ಸರಿ, ಬಾಣ ಬಿಟ್ಟರೆ ಹೇಗಿದೆ? ಕೈಗೆ ತೆಗೆದುಕೊಂಡ ಕೂಡಲೇ ಹಗುರ ಅನ್ನಿಸುತ್ತದೆ. ಈಗಿನ ಲೋಹದ ರೈಸರ್‌ನ ಬಿಲ್ಲು ಹಿಡಿದು ಅಭ್ಯಾಸ ಇದ್ದವರಿಗೆ ಆಟಿಕೆಯಂತೆ ಕಾಣಬಹುದು. ಹಿಡಿ ಅಂಗೈಗೆ ತಾನಾಗಿ ಕೂರುತ್ತದೆ, ನನ್ನ ಚಿಕ್ಕ ಕೈಗೆ ಅಳತೆ ತೆಗೆದು ಮಾಡಿದಂತಿದೆ. ಎಳೆತ 24, 25 ಇಂಚಿನವರೆಗೆ ಮೆತ್ತಗೆ ಬರುತ್ತದೆ. 26 ದಾಟಿದ ಮೇಲೆ ಬಿಗಿಯಾಗುತ್ತ ಹೋಗುತ್ತದೆ, 28ರ ಹತ್ತಿರ ಪ್ರತಿ ಅರ್ಧ ಇಂಚಿಗೂ ಭಾರ ಏರುವುದು ಚೆನ್ನಾಗಿ ಗೊತ್ತಾಗುತ್ತದೆ. ಗಿಡ್ಡ ಬಿಲ್ಲಿನಲ್ಲಿ ಹೆದೆಯ ಕೋನವೂ ಚೂಪು. ಮೂರು ಬೆರಳಲ್ಲಿ ಎಳೆದರೆ ಮೇಲಿನ ಮತ್ತು ಕೆಳಗಿನ ಬೆರಳು ಬಾಣದ ಹಿಂಬದಿಗೆ ಒತ್ತಿಕೊಳ್ಳುತ್ತವೆ. ಮೂರೂ ಬೆರಳನ್ನು ಬಾಣದ ಕೆಳಗಿಟ್ಟು ಎಳೆದರೆ ಈ ಒತ್ತು ಕಡಿಮೆ. ನನ್ನ ಗೆಳೆಯನೊಬ್ಬ ಆರಡಿ ಮೇಲಿನ ಆಳು, ಎರಡು ಬಾಣ ಬಿಟ್ಟು 'ಬೇಡಪ್ಪ ನಿನ್ನ ಬಿಲ್ಲು' ಅಂತ ವಾಪಸ್ ಕೊಟ್ಟ.

ಗಿಡ್ಡ ಬಿಲ್ಲು ತಪ್ಪನ್ನು ಕ್ಷಮಿಸುವುದಿಲ್ಲ. ಬೆರಳು ಬಿಡುವಾಗ ಸ್ವಲ್ಪ ಎಳೆದಾಡಿದರೂ ಬಾಣ ಪಕ್ಕಕ್ಕೆ ಹೋಗುತ್ತದೆ. 60 ಇಂಚಿನದರಲ್ಲಿ ಅಷ್ಟು ಕಾಣುವುದಿಲ್ಲ. 15 ಗಜದೊಳಗೆ ನನಗೆ ಈ ಬಿಲ್ಲಿನ ಮೇಲೆ ಪೂರ್ತಿ ನಂಬಿಕೆ ಇದೆ. 25 ಗಜಕ್ಕೆ ನಾನು ಗ್ರಿಜ್ಲಿಯನ್ನೇ ಎತ್ತಿಕೊಳ್ಳುತ್ತೇನೆ. ಆದರೆ ಕಾಡಿನೊಳಗೆ ಇದರ ಮಜವೇ ಬೇರೆ. ಅಟ್ಟಣೆಯ ಮೇಲೆ ಕೂತು ತಿರುಗುವಾಗ ಕೆಳಗಿನ ಲಿಂಬ್ ಮೊಣಕಾಲಿಗೆ ತಾಗುವುದಿಲ್ಲ, ಕೊಂಬೆಗೆ ಸಿಕ್ಕಿಕೊಳ್ಳುವುದಿಲ್ಲ. ಮಂಡಿಯೂರಿ ಕೂತೂ ಬಿಡಬಹುದು. ಅದಕ್ಕೇ ಮಾಡಿದ ಬಿಲ್ಲು ಇದು, ಆ ಕೆಲಸವನ್ನು ಇವತ್ತಿಗೂ ಮಾಡುತ್ತದೆ.

ಸದ್ದು? ಮೊದಲಿಗೆ ಸ್ವಲ್ಪ ಟಣ್ ಅನ್ನುತ್ತಿತ್ತು. ಹೆದೆಯನ್ನು ಬಿಚ್ಚಿ ಕೆಲವು ಸುತ್ತು ಜಾಸ್ತಿ ಹುರಿ ಮಾಡಿ, ಹಿಡಿಯಿಂದ ಹೆದೆಗಿರುವ ಅಂತರವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋದೆ. 8 ಇಂಚಿನ ಸುತ್ತಮುತ್ತ ಬಂದಾಗ ಸದ್ದು ಅಡಗಿತು. ಹೆದೆಗೆ ಉಣ್ಣೆಯ ಕುಚ್ಚು ಕಟ್ಟಿದ ಮೇಲೆ ಇನ್ನೂ ಮೆತ್ತಗಾಯಿತು. ಬಾಣ ಕೂರುವ ಜಾಗಕ್ಕೆ ತೆಳು ಚರ್ಮದ ತುಂಡು ಅಂಟಿಸಿದ್ದೇನೆ. ಆ ಜಾಗ ಡುಬ್ಬದಂತೆ ಬಾಗಿರುವುದರಿಂದ ಬಾಣ ಒಂದೇ ಕಡೆ ತಾಗಿ ಜಾರುತ್ತದೆ, ಬಾಣ ಆನಿಸೋಕೆ ಬೇರೆ ರೆಸ್ಟ್ ಬೇಕಾಗಲ್ಲ. ಗರಿ ಕಟ್ಟಿದ ಬಾಣವೇ ಬೇಕು ಮತ್ತೆ. ಪ್ಲಾಸ್ಟಿಕ್ ಗರಿ ಮರಕ್ಕೆ ಬಡಿದು ಬಾಣವನ್ನು ಚಿಮ್ಮಿಸುತ್ತದೆ.

ಇದೇ ದುಡ್ಡಿಗೆ ಬೇರೆ ಏನು ಸಿಗುತ್ತದೆ ಅಂತ ಕೇಳುತ್ತೀರಿ. ಬಳಸೋಕೆ ಒಂದೇ ಹಳೆಯ ಬಿಲ್ಲು ಬೇಕು ಅಂದರೆ ನನ್ನ ಮತ 58 ಇಂಚಿನ ಬೇರ್ ಗ್ರಿಜ್ಲಿಗೆ. ತುಂಬ ಮಾಡಿದ್ದಾರೆ, ಹಾಗಾಗಿ ಬೆಲೆ ತಗ್ಗು, ಎಳೆತ ಮೆತ್ತಗೆ. ಆರ್ಕನ್ಸಾದ ಪೈನ್ ಬ್ಲಫ್‌ನಲ್ಲಿ ತಯಾರಾಗುತ್ತಿದ್ದ ಬೆನ್ ಪಿಯರ್ಸನ್ ಬಿಲ್ಲುಗಳನ್ನು ಜನ ಯಾಕೋ ಕಡೆಗಣಿಸುತ್ತಾರೆ, ಕೂಗರ್ ಥರದ ಮಾದರಿಗಳು ಗಟ್ಟಿಮುಟ್ಟು, ಅಗ್ಗ. ವಾಷಿಂಗ್ಟನ್ ರಾಜ್ಯದ ಯಾಕಿಮಾದ ಡೇಮನ್ ಹೊವಾಟ್ ಮಾಡಿದವು ನನ್ನ ಕಣ್ಣಿಗೆ ಎಲ್ಲಕ್ಕಿಂತ ಸುಂದರ. 1976ರಲ್ಲಿ ಮಾರ್ಟಿನ್ ಕಂಪನಿ ಅದನ್ನು ಕೊಂಡಿತು, ಬಿಲ್ಲಿನ ಮೇಲೆ ಮಾರ್ಟಿನ್ ಹೆಸರೂ ಇದ್ದರೆ ಆಮೇಲಿನದು ಅಂತ ತಿಳಿಯಿರಿ. ಟೆಕ್ಸಾಸ್‌ನ ಬಾಬ್ ಲೀ ಶುರು ಮಾಡಿದ ವಿಂಗ್ ಬಿಲ್ಲುಗಳಲ್ಲೂ ಹಾಗೇ, ಎಎಂಎಫ್ ಅಂತ ಅಚ್ಚಿದ್ದರೆ ಕಂಪನಿ ಕೈ ಬದಲಾದ ನಂತರದ್ದು. ಮಿಷಿಗನ್‌ನ ಕಲಮಜೂನಲ್ಲಿ ಮೀನಿನ ಗಾಳದ ಸಾಮಾನು ಮಾಡುತ್ತಿದ್ದ ಶೇಕ್ಸ್‌ಪಿಯರ್ ಕಂಪನಿಯೂ ಬಿಲ್ಲು ಮಾಡುತ್ತಿತ್ತು, ನೆಸೀಡಾ ಅನ್ನುವ ಮಾದರಿ ಸಿಕ್ಕರೆ ನೋಡಿ. ಲಿಂಬ್ ನೆಟ್ಟಗಿದ್ದರೆ ಅದರಷ್ಟು ಲಾಭದ ಕೊಳ್ಳುವಿಕೆ ಇನ್ನೊಂದಿಲ್ಲ.

ಇಷ್ಟೊಂದು ಹಳೆಯ ಬಿಲ್ಲು ಇಷ್ಟು ಸುಲಭವಾಗಿ ಸಿಗುವುದಾದರೂ ಹೇಗೆ? ಮಿಸೌರಿಯ ಹಾಲೆಸ್ ವಿಲ್ಬರ್ ಅಲೆನ್ ಎಂಬಾತ ರಾಟೆ ಕಟ್ಟಿದ ಕಾಂಪೌಂಡ್ ಬಿಲ್ಲಿಗೆ 1969ರಲ್ಲಿ ಪೇಟೆಂಟ್ ಪಡೆದ. ಅದನ್ನು ಪೂರ್ತಿ ಎಳೆದು ಹಿಡಿದಾಗ ಕೈಗೆ ಬರುವ ಭಾರ ಇಳಿಯುತ್ತದೆ. ಬೇಟೆಗಾರರು ನಿಧಾನಕ್ಕೆ ಅತ್ತ ಹೊರಳಿದರು. ಹಳೆಯ ರಿಕರ್ವ್‌ಗಳು ಗ್ಯಾರೇಜಿನ ಮೊಳೆಗೆ ಹೋದವು. ಅವೇ ಈಗ ಗ್ಯಾರೇಜ್ ಸೇಲ್‌ಗಳಲ್ಲಿ ಹೊರಬರುತ್ತಿರುವುದು.

ಬೇರ್ ಕಂಪನಿ ಕೊಡಿಯಾಕ್ ಮ್ಯಾಗ್ನಮ್ ಹೆಸರಿನಲ್ಲಿ ಹೊಸ ಬಿಲ್ಲನ್ನೂ ಮಾರಿದೆ. ಹೊಸದಕ್ಕೆ ಖಾತರಿ ಇದೆ, ತಿರುಚಿನ ಭಯ ಇಲ್ಲ. ಬೇಟೆಗೆ ಮಾತ್ರ ಬೇಕು, ಹಳೆಯದರ ಹುಚ್ಚು ಇಲ್ಲ ಅನ್ನುವವರು ಹೊಸದನ್ನೇ ತೆಗೆದುಕೊಂಡರೆ ನಾನು ಬೇಡ ಅನ್ನಲ್ಲ. ನನಗೆ ಹಳೆಯದರ ಹಿಡಿಯೇ ಇಷ್ಟ, ಅದಕ್ಕೆ ಕಾರಣ ಕೇಳಬೇಡಿ.

ಗೋಡೆಗೆ ಹಾಕುವವರಿಗೆ ಹೇಳುತ್ತೇನೆ ಅಂದಿದ್ದೆ. ನಿಮಗೆ ಕೊಡಿಯಾಕ್ ಮ್ಯಾಗ್ನಮ್ ಅಷ್ಟು ದೊಡ್ಡ ಬೇಟೆಯಲ್ಲ. ಸಂಗ್ರಹಕಾರರು ಬೆನ್ನು ಹತ್ತುವುದು 1959ರ ಕೊಡಿಯಾಕ್, ಗ್ರೇಲಿಂಗ್‌ನಲ್ಲಿ ಮಾಡಿದ ಕಳಚಿ ಜೋಡಿಸುವ ಟೇಕ್‌ಡೌನ್, 1950ರ ಆಸುಪಾಸಿನ ಅಲ್ಯೂಮಿನಿಯಂ ಪದರದ ಬಿಲ್ಲುಗಳು, ಇಂಥವನ್ನು. 1959ರ ಕೊಡಿಯಾಕ್ ಕೊಳ್ಳುವಾಗ ಒಂದು ಎಚ್ಚರ, ಕಂಪನಿಯೇ ಅದೇ ಮಾದರಿಯನ್ನು ಮುಂದೆ ಮತ್ತೆ ಮಾಡಿದೆ, ಹೊಸದನ್ನು ಹಳೆಯ ಬೆಲೆಗೆ ಕೊಂಡುಬಿಡಬೇಡಿ. ಅಲ್ಯೂಮಿನಿಯಂ ಪದರದವನ್ನಂತೂ ಎಳೆಯಲೇಬೇಡಿ, ಅವು ಅಂಟು ಬಿಡುವುದಕ್ಕೇ ಹೆಸರಾದವು. ಮತ್ತೆ, ದಯವಿಟ್ಟು ಹಳೆಯ ಬಿಲ್ಲಿಗೆ ಮರಳುಕಾಗದ ಹಾಕಿ ಹೊಸ ವಾರ್ನಿಷ್ ಬಳಿಯಬೇಡಿ. ಅಚ್ಚಿನ ಅಕ್ಷರ ಹೋಗುತ್ತದೆ, ಕೈಬರಹದ ಅಂಕಿ ಹೋಗುತ್ತದೆ, ಅದರ ಜೊತೆ ಅರ್ಧ ಬೆಲೆಯೂ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಸ್ವಲ್ಪ ಮೇಣ ತಿಕ್ಕಿದರೆ ಸಾಕು. ಹೆದೆ ಇಳಿಸಿ, ಎರಡು ಗೂಟಗಳ ಮೇಲೆ ಅಡ್ಡಲಾಗಿ ಇಡಿ, ಬಿಸಿಲು ಬೀಳದ ಕಡೆ.

ಎಡಗೈ ಬಿಲ್ಲುಗಾರರು ಯಾರಾದರೂ ಓದುತ್ತಿದ್ದರೆ, ನಿಮಗೆ ಹುಡುಕಾಟ ಜಾಸ್ತಿ. ಬಲಗೈಯವರ ಬಿಲ್ಲನ್ನು ಎಡಗೈಯಲ್ಲಿ ಹಿಡಿಯುತ್ತಾರೆ, ಬಾಣ ಕೂರುವ ಕಿಟಕಿ ಎಡಪಕ್ಕಕ್ಕೆ ಇರುತ್ತದೆ. ನಿಮ್ಮದು ತಿರುಗಾಮುರುಗಾ. ಮಾರುವವರಲ್ಲಿ ಅರ್ಧ ಜನಕ್ಕೆ ಈ ವ್ಯತ್ಯಾಸವೇ ಗೊತ್ತಿರುವುದಿಲ್ಲ, ಎಡಗೈ ಬಿಲ್ಲನ್ನೂ ಬಲಗೈಯದು ಅಂತಲೇ ಬರೆದಿರುತ್ತಾರೆ. ಹಾಗಾಗಿ ಶೀರ್ಷಿಕೆ ಓದಿ ಮುಂದೆ ಹೋಗಬೇಡಿ, ಫೋಟೋದಲ್ಲಿ ಕಿಟಕಿ ಯಾವ ಕಡೆ ಇದೆ ಅಂತ ನೋಡಿ.